ಫುಲ್‌ಶೀರ್‌ಗೆ ಬಸ್ಸಿಲ್ಲ

ಬರೇರು, ಪೋರ್ಚುಗಲ್
ಮೇ 6, 2025

ಹರ್ಷಿಣಿ,

ಕ್ಷೇಮ ಸಮಾಚಾರ ಕೇಳುವ ಪತ್ರ ಇದಲ್ಲ. ನಾನು ಚೆನ್ನಾಗಿದ್ದೇನೆ, ಸಿಟ್ಟಿನಲ್ಲೂ ಇದ್ದೇನೆ.

ಗೋಪಾಲಕೃಷ್ಣ ಡಲ್ಲಾಸಿನಲ್ಲಿ ಇಳಿದ ಕೂಡಲೇ ಅವಿನಾಶನಿಗೆ ಫೋನ್ ಮಾಡಿರುತ್ತಾರೆ. ಪಾಪ, ಅವರದೇನೂ ತಪ್ಪಿಲ್ಲ. ನಮ್ಮಂಥ ಮುದುಕ ಮುದುಕಿಯರ ಗುಂಪನ್ನು ಹತ್ತು ದಿನ ಲಿಸ್ಬನ್, ಪೋರ್ಟೊ ಎಂದು ಸುತ್ತಿಸಿ, ಊಟಕ್ಕೆ ಮೊಸರನ್ನ ಹುಡುಕಿ ತಂದು ಕೊಟ್ಟ ಮನುಷ್ಯ. ಕೊನೆಯ ದಿನ ಹೋಟೆಲಿನ ಮುಂದೆ ಬಸ್ಸು ನಿಂತಿತ್ತು. ನಾನು ಪೆಟ್ಟಿಗೆ ಹಿಡಿದು ಕೆಳಗೆ ಬಂದು, "ಗೋಪಾಲಕೃಷ್ಣ, ನಾನು ಬರ್ತಿಲ್ಲ" ಅಂದೆ. ಅವರು ನಕ್ಕರು. "ಡಾಕ್ಟ್ರೇ, ತಮಾಷೆಗೆ ಟೈಮಿಲ್ಲ, ಫ್ಲೈಟ್ ಮಿಸ್ ಆಗತ್ತೆ." ನಾನು ನಗಲಿಲ್ಲ. ಆಮೇಲೆ ಅವರ ಮುಖ ನೋಡಬೇಕಿತ್ತು. ಬಸ್ಸಿನೊಳಗೆ ಕೂತವರೆಲ್ಲ ಕಿಟಕಿಗೆ ಮೂಗೊತ್ತಿ ನನ್ನನ್ನೇ ನೋಡುತ್ತಿದ್ದರು. ನಾನು ಪೆಟ್ಟಿಗೆ ಎಳೆದುಕೊಂಡು ನದಿಯ ಕಡೆ ಹೊರಟೆ.

ಬರೇರು ಎಂಬುದು ಲಿಸ್ಬನ್ನಿನ ಎದುರಿಗೆ, ನದಿಯ ಆಚೆ ದಡದಲ್ಲಿರುವ ಊರು. ಪ್ರವಾಸಿಗಳು ಬರುವುದಿಲ್ಲ. ಲೂರ್ದೆಸ್ ಎಂಬ ವಿಧವೆಯ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೇನೆ. ಬೀದಿಯ ತುದಿಗೆ ಹೋದರೆ ಬಸ್ ನಿಲ್ದಾಣ. ಬಸ್ಸು ದೋಣಿಕಟ್ಟೆಗೆ ಹೋಗುತ್ತದೆ, ದೋಣಿ ಲಿಸ್ಬನ್ನಿಗೆ ಹೋಗುತ್ತದೆ, ಅಲ್ಲಿಂದ ಟ್ರೈನು, ಟ್ರಾಮು. ಎಲ್ಲಕ್ಕೂ ಒಂದೇ ಕಾರ್ಡು. ಅದರ ಮೇಲೆ ನನ್ನ ಫೋಟೋ ಇದೆ. ಬೆಳಿಗ್ಗೆ ಬಸ್ಸು ಹತ್ತಿದರೆ ಡ್ರೈವರು "ಬೊಂ ದಿಯ" ಅನ್ನುತ್ತಾನೆ. ಶುಭೋದಯ ಅಂತ. ನನಗೆ ಮಾತ್ರ ಮೊಮ್ಮಗಳು ದಿಯಾಳ ಹೆಸರು ಕೇಳಿಸುತ್ತದೆ.

ನಿಮ್ಮ ಆ ಆ್ಯಪ್ ತೆಗೆದುಹಾಕಿದ್ದೇನೆ. ನಾಲ್ಕು ಜನ ಭೂಪಟದ ಮೇಲೆ ನಾಲ್ಕು ಬಣ್ಣದ ಉಂಡೆಗಳಾಗಿ ಕಾಣುತ್ತಿದ್ದೆವಲ್ಲ, ಅದು. ಅಕ್ಟೋಬರಿನಿಂದ ನನ್ನ ಉಂಡೆ ಫುಲ್‌ಶೀರ್ ಮನೆ ಬಿಟ್ಟು ತಾನಾಗಿ ಕದಲಲಿಲ್ಲ. ಮೂವತ್ತೈದು ವರ್ಷ ಶುಗರ್ ಲ್ಯಾಂಡಿನಿಂದ ಆಸ್ಪತ್ರೆಗೆ ನಾನೇ ಡ್ರೈವ್ ಮಾಡಿಕೊಂಡು ಹೋಗಿ, ಜನರಿಗೆ ಅರಿವಳಿಕೆ ಕೊಟ್ಟು, ಅವರನ್ನು ಮತ್ತೆ ಎಚ್ಚರಗೊಳಿಸಿ ಮನೆಗೆ ಬಂದವಳು ನಾನು. ನಿಮ್ಮ ಮನೆಯಲ್ಲಿ ಕೊತ್ತಂಬರಿ ಸೊಪ್ಪು ಬೇಕೆಂದರೂ ಯಾರಾದರೂ ಹೊರಡುತ್ತಾರೇನೋ ಎಂದು ಕಾಯಬೇಕಿತ್ತು. ಆ ಊರಿಗೆ ಒಂದು ಬಸ್ಸೂ ಇಲ್ಲ. ನಡೆದು ಹೋಗೋಣವೆಂದರೆ ಫುಟ್‌ಪಾತು ಗೇಟಿನ ಹತ್ತಿರ ಮುಗಿದು ಹೋಗುತ್ತದೆ.

ಇಲ್ಲಿಯ ಸಿಮ್ ತೆಗೆದುಕೊಂಡಿದ್ದೇನೆ. ಬಸ್ಸಿನ ಸಮಯ ನೋಡುವುದಕ್ಕೆ. ಆ ನಂಬರು ನಿಮಗೆ ಕೊಡುವುದಿಲ್ಲ. ಹೇಳುವುದಿದ್ದರೆ ಮೇಲಿನ ವಿಳಾಸಕ್ಕೆ ಬರೆಯಿರಿ.

ಹೆತ್ತ ಮಗ ಅವಿನಾಶನಿಗೆ ಬರೆಯದೆ ಸೊಸೆಯಾದ ನಿನಗೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ಹ್ಯೂಸ್ಟನ್ನಿನಲ್ಲಿ ಹುಟ್ಟಿದ ಅವನಿಗೆ ಕನ್ನಡ ಓದಲು ಬರುವುದಿಲ್ಲ, ಮತ್ತು ಈ ವಿಷಯ ನಿನ್ನ ನನ್ನ ನಡುವಿನದು. ಯಾವ ವಿಷಯವೆಂದು ನಿನಗೆ ಗೊತ್ತು.

ನೀರಜಾ


ಫುಲ್‌ಶೀರ್, ಟೆಕ್ಸಸ್
ಮೇ 15, 2025

ಅತ್ತೆಯವರಿಗೆ,

ನಿಮ್ಮ ಪತ್ರ ನಿನ್ನೆ ಬಂತು. ಅವಿನಾಶ್ ಕೆಲಸದ ಮೇಲೆ ಟೇಲರ್ ಊರಿನಲ್ಲಿದ್ದಾನೆ, ಫೋನಿನಲ್ಲಿ ಓದಿ ಹೇಳಿದೆ. ಕೊನೆಯ ಸಾಲುಗಳನ್ನು ಬಿಟ್ಟು. "ನೀನೇ ರಿಪ್ಲೈ ಮಾಡು, ಹರ್ಷಿ. ಅಮ್ಮ ನಿನ್ನ ಮಾತು ಕೇಳ್ತಾಳೆ" ಅಂದ. ಬೇಗ ತಲುಪಲಿ ಎಂದು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ.

ಅವನು ಹೇಳು ಅಂದದ್ದು ಇಷ್ಟು. ವೀಸಾ ಇಲ್ಲದೆ ಅಲ್ಲಿ ಮೂರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ, ಬಿಪಿ ಮಾತ್ರೆ ಮುಗಿಯುತ್ತದೆ, ದಿಯಾ ಅಜ್ಜಿ ಎಲ್ಲಿ ಎಂದು ಕೇಳುತ್ತಾಳೆ, ಟಿಕೆಟ್ ಬುಕ್ ಮಾಡುತ್ತೇನೆ, ಬಂದುಬಿಡಿ. ಹೇಳಿದ್ದೇನೆ. ಇನ್ನು ಮುಂದಿನದು ನನ್ನದು.

ನಿಮ್ಮ ನನ್ನ ನಡುವಿನ ವಿಷಯ ಯಾವುದು ಅತ್ತೆ? ನನಗೆ ನಿಜವಾಗಿಯೂ ಗೊತ್ತಿಲ್ಲ. ಇಡೀ ರಾತ್ರಿ ಯೋಚಿಸಿದೆ. ಸಾರಿಗೆ ಬೆಲ್ಲ ಹಾಕಿದ್ದೆನೇ? ನಿಮ್ಮ ಪೂಜೆ ಸಾಮಾನು ಎತ್ತಿಟ್ಟೆನೇ? ಏನೂ ಹೊಳೆಯಲಿಲ್ಲ. ಆಮೇಲೆ ನನಗೂ ಸಿಟ್ಟು ಬಂತು.

ಕಾರು ಓಡಿಸುವುದನ್ನು ಬಿಟ್ಟವರು ನೀವು. ಯಾರೂ ಬಿಡಿಸಲಿಲ್ಲ. ಇಂಡಿಯನ್ ಅಂಗಡಿ ಮುಂದೆ ಬಂಪರ್ ಕಂಬಿಗೆ ತಾಗಿದ ಮೇಲೆ, "ಅಮ್ಮನಿಗೆ ಧೈರ್ಯ ಹೋಗಿದೆ, ಇನ್ಮೇಲೆ ಡ್ರೈವ್ ಮಾಡಲ್ಲ, ಕಾರ್ ಮಾರಿಬಿಡು ಅಂದ್ಲು. ಆ ಮಾತು ಅವಳ ಮುಂದೆ ಎತ್ತಬೇಡ, ನಾಚಿಕೆ ಪಡ್ತಾಳೆ" ಎಂದು ಅವಿನಾಶ್ ಹೇಳಿದ. ನಾನು ಎತ್ತಲಿಲ್ಲ. ನಿಮಗೆ ಮುಜುಗರವಾಗಬಾರದು ಎಂದು ತುಟಿ ಹೊಲಿದುಕೊಂಡು ಇದ್ದೆ.

ನೀವು ಬಿಟ್ಟ ಓಡಾಟ ಯಾರ ಪಾಲಿಗೆ ಬಂತು? ಮೊದಲು ದಿಯಾಳನ್ನು ಡ್ಯಾನ್ಸ್ ಕ್ಲಾಸಿಗೆ ನೀವು ಕರೆದೊಯ್ಯುತ್ತಿದ್ದಿರಿ, ಈಜಿಗೆ ನಾನು. ಈಗ ಡ್ಯಾನ್ಸು, ಈಜು, ಸ್ಕೂಲು, ಡೆಂಟಿಸ್ಟು, ನಿಮ್ಮ ಕಣ್ಣಿನ ಡಾಕ್ಟರು, ನಿಮ್ಮ ಶುಗರ್ ಲ್ಯಾಂಡ್ ಗೆಳತಿಯರ ಮನೆ, ಎಲ್ಲವೂ ನಾನೇ. ನಿಮ್ಮ ಮಗ ಸೋಮವಾರ ಹೋಗಿ ಗುರುವಾರ ಸಂಜೆ ಬರುತ್ತಾನೆ. ನನ್ನ ಆಫೀಸು ಎಲ್ಲಿದೆ ಗೊತ್ತೇ? ಡ್ಯಾನ್ಸ್ ಕ್ಲಾಸಿನ ಪಾರ್ಕಿಂಗ್ ಲಾಟಿನಲ್ಲಿ. ಲ್ಯಾಪ್‌ಟಾಪ್ ತೊಡೆಯ ಮೇಲೆ, ಏಸಿ ಜೋರಾಗಿ, ಮೈಕ್ ಮ್ಯೂಟು. ಮೈಸೂರಿನಲ್ಲಿ ಡಿಗ್ರಿ ಹುಡುಗರಿಗೆ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದವಳು, ಈಗ ಯಾರದೋ ಕಂಪನಿಯ ರಿಪೋರ್ಟುಗಳನ್ನು ಸ್ಟೀರಿಂಗಿಗೆ ಒರಗಿಸಿಕೊಂಡು ತಿದ್ದುತ್ತೇನೆ.

ನಿಮಗೆ ಹೊರಗೆ ಹೋಗಲು ಆಗಲಿಲ್ಲ ಎಂದು ಸಿಟ್ಟು. ನನಗೆ ಕಾರಿನಿಂದ ಇಳಿಯಲು ಆಗುತ್ತಿಲ್ಲ.

ದೋಣಿಯಲ್ಲಿ ಗಾಳಿ ಚೆನ್ನಾಗಿರಬೇಕು.

ಹರ್ಷಿಣಿ


ಬರೇರು
ಮೇ 22, 2025

ಹರ್ಷಿಣಿ,

ನಿನ್ನ ಪತ್ರವನ್ನು ದೋಣಿಯಲ್ಲಿ ಓದಿದೆ. ಆಚೆ ದಡ ಬಂತು. ಇಳಿದು, ಏನೂ ತೋಚದೆ, ಮರಳುವ ದೋಣಿಗೆ ಮತ್ತೆ ಹತ್ತಿ ವಾಪಸು ಬಂದೆ. ಅಷ್ಟು ಮೈ ಉರಿಯಿತು.

ಸುಳ್ಳು ಹೇಳುವುದಕ್ಕೂ ಒಂದು ಮಿತಿ ಬೇಡವೇ? ನನಗೆ ಧೈರ್ಯ ಹೋಗಿತ್ತೇ? ನಾನು ಕಾರು ಮಾರು ಅಂದೆನೇ? ಬಂಪರಿಗೆ ಬೆರಳುದ್ದ ಗೀರು ಬಿತ್ತು, ಅಷ್ಟೇ. ಅವಿನಾಶ ರಿಪೇರಿಗೆ ಕೊಡುತ್ತೇನೆ ಎಂದು ಕಾರು ತೆಗೆದುಕೊಂಡು ಹೋದ. ಒಂದು ವಾರ ಆಯಿತು, ಎರಡು ವಾರ ಆಯಿತು. ಮೂರನೆಯ ವಾರ ಗ್ಯಾರೇಜಿನಲ್ಲಿ ನಿಂತು ಕೇಳಿದೆ, "ಎಲ್ಲೋ ನನ್ನ ಕಾರು?" ನೆಲ ನೋಡುತ್ತಾ ಹೇಳಿದ:

"ಅಮ್ಮಾ, ಮಾರಿಬಿಟ್ಟೆ. ಹರ್ಷಿಗೆ ಭಯ. ನೀನು ಡ್ರೈವ್ ಮಾಡಿದ್ರೆ ದಿಯಾನ ಕಳಿಸಲ್ಲ ಅಂತಾಳೆ. ಮನೇಲಿ ಜಗಳ ಆಗತ್ತೆ. ಪ್ಲೀಸ್, ಅವಳ ಹತ್ರ ಈ ವಿಷಯ ಎತ್ತಬೇಡ."

ಇದು ನನ್ನ ಕಿವಿಯಾರೆ ಕೇಳಿದ್ದು. ನಾನು ಎತ್ತಲಿಲ್ಲ. ನಿಮ್ಮ ಮನೆ, ನಿಮ್ಮ ಮಗು. ಗಂಡ ಹೋದ ಮೇಲೆ ಶುಗರ್ ಲ್ಯಾಂಡಿನ ಮನೆ ಮಾರಿ ನಿಮ್ಮಲ್ಲಿಗೆ ಬಂದವಳು, ಜಗಳಕ್ಕೆ ಯಾಕೆ ಕಾರಣವಾಗಬೇಕು ಎಂದು ಸುಮ್ಮನಾದೆ. ಆದರೆ ಪ್ರತಿದಿನ ನಿನ್ನ ಮುಖ ನೋಡಿದಾಗ ಅನಿಸುತ್ತಿತ್ತು, ಈ ಹುಡುಗಿಗೆ ಹೆರಿಗೆಯಾದಾಗ ಆಪರೇಷನ್ ಥಿಯೇಟರಿನಲ್ಲಿ ತಲೆಯ ಹತ್ತಿರ ನಿಂತವಳು ನಾನು. ಅವಳ ಜೀವವನ್ನೂ ಮಗುವಿನ ಜೀವವನ್ನೂ ನನ್ನ ಕೈಗೆ ಕೊಟ್ಟಿದ್ದಳು. ಈಗ ಅದೇ ಕೈಯಲ್ಲಿ ಸ್ಟೀರಿಂಗ್ ಇದ್ದರೆ ಭಯವಂತೆ.

ಟೂರಿನಲ್ಲಿ ಒಂದು ದಿನ ನಮಗೆಲ್ಲ ಬಿಡುವು ಕೊಟ್ಟಿದ್ದರು. ಎಲ್ಲರೂ ಅಂಗಡಿಗೆ ಹೋದರು. ನಾನು ಸುಮ್ಮನೆ ಎದುರಿಗೆ ಬಂದ ಟ್ರಾಮು ಹತ್ತಿದೆ. ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿರಲಿಲ್ಲ, ಯಾರನ್ನೂ ಕೇಳಬೇಕಿರಲಿಲ್ಲ. ಒಂದು ಗುಡ್ಡ ಹತ್ತಿ, ಒಂದು ಸಂದಿಯಲ್ಲಿ ತೂರಿ, ಬಟ್ಟೆ ಒಣಗಹಾಕಿದ ಮನೆಗಳ ಪಕ್ಕದಲ್ಲೇ ಉಜ್ಜಿಕೊಂಡು ಹೋಯಿತು. ನಾನು ಅಳುತ್ತಿದ್ದೇನೆ ಎಂದು ಎದುರಿನ ಹೆಂಗಸು ಕರ್ಚೀಫು ಕೊಟ್ಟಾಗಲೇ ಗೊತ್ತಾದದ್ದು. ಆವತ್ತೇ ತೀರ್ಮಾನ ಮಾಡಿದೆ, ವಾಪಸು ಹೋಗುವುದಿಲ್ಲ ಎಂದು.

ಈಗ ನೀನು ನಾನೇ ಕಾರು ಬಿಟ್ಟೆ ಅನ್ನುತ್ತೀಯ. ಹೇಳಿದ್ದನ್ನು ಹೇಳಿದೆ ಎಂದು ಒಪ್ಪಿಕೊಳ್ಳುವ ಧೈರ್ಯವಾದರೂ ಇರಬೇಕಿತ್ತು.

ನೀರಜಾ


ಫುಲ್‌ಶೀರ್
ಜೂನ್ 3, 2025

ಅತ್ತೆ,

ನಾನು ಹಾಗೆ ಹೇಳಿಲ್ಲ.

ಇನ್ನೊಂದು ಸಲ ಬರೆಯುತ್ತೇನೆ. ನಾನು ಆ ಮಾತು ಯಾವತ್ತೂ ಆಡಿಲ್ಲ. ಆಡುವುದಿರಲಿ, ಯೋಚಿಸಿಯೂ ಇಲ್ಲ. ನೀವು ಡ್ರೈವ್ ಮಾಡುವುದು ನಿಂತ ದಿನ ನಾನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ, ಇನ್ನು ಎಲ್ಲವೂ ನನ್ನ ತಲೆಗೆ ಎಂದು.

ನಿನ್ನೆ ಏನಾಯಿತು ಹೇಳುತ್ತೇನೆ. ದಿಯಾಳನ್ನು ಬೇಸಿಗೆ ಕ್ಯಾಂಪಿನಿಂದ ಕರೆದುಕೊಂಡು ಬರುವಾಗ ವೆಸ್ಟ್‌ಪಾರ್ಕ್ ಟೋಲ್‌ವೇಯಲ್ಲಿ ಕಾರು ನಿಂತುಹೋಯಿತು. ಅಂಚಿಗೆ ತಂದು ನಿಲ್ಲಿಸಿದೆ. ಏಸಿ ಇಲ್ಲ. ಒಳಗೆ ಕೂತರೆ ಬೇಯುತ್ತೇವೆ, ಹೊರಗೆ ನಿಂತರೆ ಲಾರಿಗಳು ಮೈಮೇಲೆ ಬಂದಂತೆ ಹೋಗುತ್ತವೆ. ಮಗುವನ್ನು ತಡೆಗೋಡೆಗೆ ಒತ್ತಿ ನಿಲ್ಲಿಸಿ, ನನ್ನ ದುಪಟ್ಟಾ ಅವಳ ತಲೆಗೆ ಹೊದಿಸಿ, ಟೋ ಟ್ರಕ್ಕಿಗೆ ಫೋನ್ ಮಾಡುತ್ತಿದ್ದೆ. ಅಷ್ಟರಲ್ಲಿ ಅವಿನಾಶನ ಕಾಲ್ ಬಂತು. ಟೇಲರಿನಿಂದ. ಅಬ್ಬಾ, ಹೇಗೋ ಗೊತ್ತಾಗಿದೆ ಅಂದುಕೊಂಡು ಎತ್ತಿದೆ.

"ಹರ್ಷಿ, ನಿನ್ನ ಸರ್ಕಲ್ ಯಾಕೆ ಮೂವ್ ಆಗ್ತಿಲ್ಲ? ಟೋಲ್‌ವೇ ಮೇಲೆ ಏನ್ ಮಾಡ್ತಿದೀಯ?"

ನನಗೆ ಏನಾಯಿತೋ. "ಪಿಕ್ನಿಕ್ ಮಾಡ್ತಿದೀನಿ" ಎಂದು ಕಿರುಚಿದೆ. ಫೋನ್ ಇಟ್ಟೆ. ದಿಯಾ ನನ್ನನ್ನು ನೋಡಿ, "ಅಮ್ಮಾ, ಆರ್ ಯು ಓಕೆ?" ಅಂದಳು. ಇಲ್ಲ ಅಂದೆ. ಮೊದಲ ಸಲ ಅವಳಿಗೆ ಇಲ್ಲ ಅಂದದ್ದು.

ಟೋ ಟ್ರಕ್ಕಿನಲ್ಲಿ ಕೂತು ಮನೆಗೆ ಬಂದರೆ, ಅಂಚೆ ಡಬ್ಬದಲ್ಲಿ ನಿಮ್ಮ ಪತ್ರ. ಡ್ರೈವ್‌ವೇಯಲ್ಲೇ ನಿಂತು ಓದಿದೆ.

ನಿಮಗೆ ನನ್ನ ಹೆಸರು ಹೇಳಿದ್ದಾನೆ, ನನಗೆ ನಿಮ್ಮ ಹೆಸರು ಹೇಳಿದ್ದಾನೆ. ಇಬ್ಬರಿಗೂ ಬಾಯಿ ಮುಚ್ಚಿಕೊಂಡಿರು ಅಂದಿದ್ದಾನೆ. ನಾವು ಇಬ್ಬರೂ ಓದಿದ ಹೆಂಗಸರು, ಒಂದೇ ಒಲೆಯ ಮುಂದೆ ಏಳು ತಿಂಗಳು ನಿಂತು, ಬಾಯಿ ಮುಚ್ಚಿಕೊಂಡೇ ಇದ್ದೆವು. ಯಾರ ಮೇಲೆ ಹೆಚ್ಚು ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯುತ್ತಿಲ್ಲ.

ಅವನನ್ನು ಫೋನಿನಲ್ಲಿ ಕೇಳುವುದಿಲ್ಲ. ಗುರುವಾರ ಬರುತ್ತಾನೆ. ಮುಖ ನೋಡಿ ಕೇಳಬೇಕು.

ಹರ್ಷಿಣಿ

ಅವಿನಾಶನ ಕಾರು ಟೇಲರಿನಲ್ಲಿ, ನನ್ನದು ರಿಪೇರಿ ಗ್ಯಾರೇಜಿನಲ್ಲಿ. ಈ ಪತ್ರ ಕೊರಿಯರ್ ಆಫೀಸಿಗೆ ತಲುಪಿಸಲು ಪಕ್ಕದ ಮನೆಯವರು ಹೊರಡುವುದನ್ನು ಕಾಯುತ್ತಾ ಇದ್ದೇನೆ. ಕಾಯುವುದು ಹೇಗಿರುತ್ತದೆ ಎಂದು ಗೊತ್ತಾಯಿತು.


ಬರೇರು
ಜೂನ್ 5, 2025

ಹರ್ಷಿಣಿ,

ನಿನ್ನಿಂದ ಉತ್ತರವಿಲ್ಲ. ಸರಿ. ಒಪ್ಪಿಕೊಂಡೆ ಎಂದು ತಿಳಿಯುತ್ತೇನೆ.

ಇಲ್ಲೇ ಇರುವುದಕ್ಕೆ ಕಾಗದಪತ್ರ ಮಾಡಿಸಿಕೊಡುವ ವಕೀಲರನ್ನು ಹುಡುಕುತ್ತಿದ್ದೇನೆ. ಗ್ಯಾರೇಜಿನಲ್ಲಿರುವ ನನ್ನ ಪೆಟ್ಟಿಗೆಗಳನ್ನು ಬಿಚ್ಚಬೇಡ. ಜಾಗ ಬೇಕಾದರೆ ದಾನಕ್ಕೆ ಕೊಟ್ಟುಬಿಡು.

ಹೆಚ್ಚು ಬರೆಯುವುದಿಲ್ಲ.

ನೀರಜಾ


ಫುಲ್‌ಶೀರ್
ಜೂನ್ 14, 2025

ಅತ್ತೆ,

ನಿಮ್ಮ ಐದನೆಯ ತಾರೀಖಿನ ಪತ್ರ ಈಗ ಬಂತು. ನನ್ನದು ನಿಮಗೆ ತಲುಪುವ ಮೊದಲೇ ಬರೆದಿದ್ದೀರಿ. ಅದರಲ್ಲಿರುವ ಮಾತಿಗೆ ನಾನು ಉತ್ತರ ಕೊಡುವುದಿಲ್ಲ, ಇಷ್ಟರಲ್ಲಿ ನೀವೇ ನುಂಗಿಕೊಂಡಿರುತ್ತೀರಿ.

ಆದರೆ ಆ ಅಕ್ಷರ ನಿಮ್ಮದಲ್ಲ. ಸಾಲು ಕೆಳಕ್ಕೆ ಇಳಿದಿದೆ, ಒತ್ತಕ್ಷರಗಳೆಲ್ಲ ಕಳಚಿಕೊಂಡಿವೆ, ಸಹಿ ಮಗುವಿನ ಸಹಿಯ ಹಾಗಿದೆ. ನನ್ನ ಅಜ್ಜನಿಗೆ ಪಾರ್ಶ್ವವಾಯು ಬಡಿದಾಗ ಹೀಗೆಯೇ ಬರೆಯುತ್ತಿದ್ದರು. ನಿಮಗೆ ಏನಾಗಿದೆ? ಫೋನ್ ನಂಬರ್ ಇಲ್ಲ. ನಿಮ್ಮ ಮನೆಯೊಡತಿಯ ನಂಬರ್ ಇಲ್ಲ. ಇದು ಯಾವ ನ್ಯಾಯ? ನಿಮಗೆ ಸ್ವಾತಂತ್ರ್ಯ ಬೇಕು, ಸರಿ. ಇಲ್ಲಿ ನಾನು ಒಂದು ಹಾಳೆಯನ್ನು ದೀಪಕ್ಕೆ ಹಿಡಿದು ನಿಮ್ಮ ಕಾಯಿಲೆ ಹುಡುಕುತ್ತಾ ಕೂರಬೇಕೇ?

ಅವಿನಾಶನಿಗೆ ಆ ಪತ್ರ ತೋರಿಸಿಲ್ಲ. ಅವನಿಗೆ ಕನ್ನಡ ಓದಲು ಬರದಿದ್ದರೂ ವಕ್ರ ಅಕ್ಷರ ಕಾಣುತ್ತದಲ್ಲ. "ನೋಡು, ನಾನು ಹೇಳಿರಲಿಲ್ವಾ" ಎಂದು ಅವನು ಹೇಳುವುದನ್ನು ಕೇಳುವ ತಾಳ್ಮೆ ನನಗಿಲ್ಲ.

ಕೇಳಿದೆ ಅವನನ್ನು. ಗುರುವಾರ ಬಂದು ಬ್ಯಾಗು ಇಡುವ ಮೊದಲೇ ಕೇಳಿದೆ. "ನಾನು ಅತ್ತೆ ಕಾರಲ್ಲಿ ದಿಯಾನ ಕಳಿಸಲ್ಲ ಅಂತ ಯಾವಾಗ ಹೇಳ್ದೆ?" ಬಾಗಿಲಲ್ಲೇ ನಿಂತ. ಸುಳ್ಳು ಹುಡುಕಲಿಲ್ಲ, ಅದೊಂದು ಮೆಚ್ಚಬೇಕು.

"ನಾನೇ ಬೇಡ ಅಂದ್ರೆ ಅಮ್ಮ ಕೇಳ್ತಿರ್ಲಿಲ್ಲ. ನಿನ್ನ ಹೆಸರು ಹೇಳಿದ್ರೆ ಸುಮ್ನಾಗ್ತಾಳೆ ಅಂತ ಗೊತ್ತಿತ್ತು."

"ನನ್ನ ಮೇಲೆ ಅವರು ಸಿಟ್ಟಾದ್ರೆ ಪರವಾಗಿಲ್ವಾ?"

"ನಿನಗೆ ಗೊತ್ತಾಗಲ್ಲ ಅಂದ್ಕೊಂಡಿದ್ದೆ."

ಅತ್ತೆ, ಹನ್ನೆರಡು ವರ್ಷದ ಸಂಸಾರದಲ್ಲಿ ನಾನು ಅವನ ಮೇಲೆ ಕೂಗಿದ್ದು ಕಡಿಮೆ. ಆವತ್ತು ಕೂಗಿದ್ದು ಪಕ್ಕದ ಮನೆಗೂ ಕೇಳಿರಬೇಕು. ಟೇಲರಿನಲ್ಲಿ ಕೂತು ಇಬ್ಬರು ಹೆಂಗಸರನ್ನು ಭೂಪಟದ ಮೇಲೆ ಕಾವಲು ಕಾಯುತ್ತೀಯ, ಒಬ್ಬಳ ಕಾರು ಕಿತ್ತುಕೊಂಡು ಇನ್ನೊಬ್ಬಳನ್ನು ಕಾರಿಗೆ ಕಟ್ಟಿಹಾಕಿದ್ದೀಯ, ಅಂದೆ. ಇನ್ನೂ ಏನೇನೋ ಅಂದೆ. ನಿಮಗೆ ಬರೆಯುವಂಥದ್ದಲ್ಲ. ನಿಮ್ಮ ಮಗ.

ಅವನು ಊಟ ಮಾಡಲಿಲ್ಲ. ಬೆಳಿಗ್ಗೆ ಲಿಸ್ಬನ್ನಿಗೆ ಟಿಕೆಟ್ ಬುಕ್ ಮಾಡಿದೆ ಅಂದ. ಇಪ್ಪತ್ತೇಳಕ್ಕೆ ಬಂದು ಇಳಿಯುತ್ತಾನೆ. ನಾನು ಕಳಿಸಿದ್ದಲ್ಲ. ನಿಮ್ಮನ್ನು ಕರೆದುಕೊಂಡು ಬಾ ಎಂದು ನಾನು ಹೇಳಿಲ್ಲ. ಇದನ್ನು ಮೊದಲೇ ಬರೆದಿಡುತ್ತಿದ್ದೇನೆ, ಯಾಕೆಂದರೆ ಅವನು ಅಲ್ಲಿ ಬಂದು ನನ್ನ ಹೆಸರಿನಲ್ಲಿ ಇನ್ನೇನು ಹೇಳುತ್ತಾನೋ.

ಕೈಗೆ ಏನಾಗಿದೆ ಎಂದು ಬರೆಯಿರಿ.

ಹರ್ಷಿಣಿ


ಬರೇರು
ಜುಲೈ 2, 2025

ಹರ್ಷಿಣಿ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ನಿಧಾನ. ಮೂರು ದಿನದಿಂದ ಸ್ವಲ್ಪ ಸ್ವಲ್ಪ.

ಪಾರ್ಶ್ವವಾಯು ಅಲ್ಲ. ಮಣಿಕಟ್ಟು ಮುರಿದಿದೆ. ಜೂನ್ ಮೊದಲ ವಾರ ಇಲ್ಲಿ ದೋಣಿಯವರು ಮುಷ್ಕರ ಮಾಡಿದರು. ನಿನಗೆ ಈ ದೇಶವನ್ನು ಸ್ವರ್ಗದಂತೆ ಬರೆದಿದ್ದೆ, ಮುಷ್ಕರದ ದಿನ ಇದೂ ಫುಲ್‌ಶೀರೇ. ಕಟ್ಟೆಯಲ್ಲಿ ನೂರಾರು ಜನ ನಿಂತಿದ್ದರು, ಯಾರಿಗೂ ಏನೂ ಗೊತ್ತಿಲ್ಲ. ನಾನು ಬೈದುಕೊಂಡು ಮನೆಗೆ ನಡೆದು ಹೊರಟೆ. ಇಲ್ಲಿಯ ಫುಟ್‌ಪಾತು ನುಣ್ಣನೆಯ ಬಿಳಿ ಕಲ್ಲು, ತುಂತುರು ಮಳೆ ಬಿದ್ದರೆ ಎಣ್ಣೆ ಸವರಿದ ಹಾಗೆ. ಜಾರಿದೆ. ಲೂರ್ದೆಸ್ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಕರೆದೊಯ್ದಳು. ನಿನಗೆ ಹೇಳಲಿಲ್ಲ, ಯಾಕೆಂದರೆ ನಿನಗೆ ಹೇಳಿದರೆ ಅವನಿಗೆ ಹೇಳಿದ ಹಾಗೆ ಅಂದುಕೊಂಡೆ. ನೀನು ತೋರಿಸಲಿಲ್ಲ ಎಂಬ ಸಾಲನ್ನು ಎರಡು ಸಲ ಓದಿದೆ.

ನಿನ್ನ ಗಂಡನ... ಅಲ್ಲ, ನನ್ನ ಮಗರಾಯನ ಕಥೆ ಕೇಳು. ಏರ್‌ಪೋರ್ಟಿನಲ್ಲಿ ಕಾರು ಬಾಡಿಗೆಗೆ ತೆಗೆದುಕೊಂಡು ಬಂದ! ನಮ್ಮ ಬೀದಿಯಲ್ಲಿ ಕತ್ತೆ ತಿರುಗಿಸುವಷ್ಟು ಜಾಗವಿಲ್ಲ. ಒಂದು ಗೋಡೆಗೂ ಮೀನಿನ ವ್ಯಾನಿಗೂ ನಡುವೆ ಕಾರು ಸಿಕ್ಕಿಹಾಕಿಕೊಂಡಿತು. ಬೀದಿಯವರೆಲ್ಲ ಹೊರಗೆ ಬಂದು ಕೈಬೀಸಿ ಆಚೆ ಹೋಗು, ಈಚೆ ಬಾ ಎಂದು ಕೂಗುತ್ತಿದ್ದರು. ನಾನು ಕಿಟಕಿಯಿಂದ ನೋಡಿದೆ. ಇಳಿದು ಹೋಗಲಿಲ್ಲ. ಹೋಗಬಾರದು ಎನಿಸಿತು.

ಮೇಲೆ ಬಂದವನು ನನ್ನ ಕೈಯ ಪ್ಲಾಸ್ಟರು ನೋಡಿದ. "ಸೀ, ಅಮ್ಮಾ!" ಅಂದ.

"ಏನು ಸೀ? ಕಾರಿಲ್ಲದೇ ಬಿದ್ದೆ ನೋಡು" ಅಂದೆ.

ಮರುದಿನ ಅವನನ್ನು ದೋಣಿಗೆ ಹತ್ತಿಸಿದೆ. ಎದುರು ಬದುರು ಕೂತೆವು. ಅಲ್ಲಿ ಎದ್ದು ಹೋಗಲು ಜಾಗವಿಲ್ಲ, ಅದಕ್ಕೇ. ಎಲ್ಲ ಕೇಳಿದೆ. ಮೊದಲು ಇನ್ಶೂರೆನ್ಸು, ವಯಸ್ಸು, ಹ್ಯೂಸ್ಟನ್ ಟ್ರಾಫಿಕ್ಕು ಎಂದ. ಆಮೇಲೆ ನೀರಿನ ಕಡೆ ಮುಖ ತಿರುಗಿಸಿ ಹೇಳಿದ:

"ಅಪ್ಪ ಹೈವೇ ಸಿಕ್ಸ್ ಮೇಲೆ ಹೋದಾಗ ನಾನು ಮೀಟಿಂಗಲ್ಲಿದ್ದೆ. ಫೋನ್ ಸೈಲೆಂಟಲ್ಲಿತ್ತು. ಕಾರ್ ಹುಲ್ಲಿನ ಮೇಲೆ ನಿಂತಿತ್ತಂತೆ, ಇಂಜಿನ್ ಆನಲ್ಲೇ. ಯಾರೋ ಪಾರ್ಕ್ ಮಾಡಿದಾರೆ ಅಂತ ಜನ ಪಕ್ಕದಲ್ಲೇ ಹೋಗ್ತಿದ್ರು. ಅವರು ಎಲ್ಲಿದಾರೆ ಅಂತ ನನಗೆ ಗೊತ್ತಿರ್ಲಿಲ್ಲ, ಅಮ್ಮಾ."

ನಿನಗೆ ಗೊತ್ತಿರುವ ವಿಷಯವೇ. ಚಂದ್ರಮೋಹನ್ ಸ್ಟೀರಿಂಗ್ ಹಿಡಿದೇ ಹೋದರು, ಹೃದಯ ನಿಂತು. ಆದರೆ ಅವಿನಾಶ ಅದನ್ನು ಈ ರೀತಿ ಹೊತ್ತುಕೊಂಡಿದ್ದಾನೆ ಎಂದು ನನಗೆ ಗೊತ್ತಿರಲಿಲ್ಲ. ನನಗೂ ಅಳು ಬಂತು. ಅತ್ತರೆ ಅವನು ಗೆಲ್ಲುತ್ತಾನೆ ಎಂದು ತಡೆದುಕೊಂಡೆ.

"ಅವಿ, ಭಯ ನಿಂದು. ಕಾರು ನಂದಾಗಿತ್ತು" ಅಂದೆ. "ನಿನಗೆ ಭಯ ಆದ್ರೆ ನನ್ನ ಹತ್ರ ಬಂದು ಭಯ ಆಗತ್ತೆ ಅಂತ ಹೇಳ್ಬೇಕು. ನನ್ನ ಕಾರು ಮಾರೋದಲ್ಲ. ಅದೂ ಆ ಹುಡುಗಿ ಹೆಸರು ಹೇಳಿ? ನೀನು ಅವಳನ್ನ ನನ್ನ ಮುಂದೆ ಏಳು ತಿಂಗಳು ಕೆಟ್ಟೋಳು ಮಾಡಿ ನಿಲ್ಸಿದೀಯ. ನಾನು ಅವಳು ಕೊಟ್ಟ ಕಾಫೀನ ಮುಖ ನೋಡ್ದೆ ಕುಡಿದಿದೀನಿ."

ತಲೆ ತಗ್ಗಿಸಿದ. ಅವನನ್ನು ಸಮಾಧಾನ ಮಾಡಲಿಲ್ಲ. ಅವನ ಭಯ ನನಗೆ ಅರ್ಥವಾಯಿತು, ಸಿಟ್ಟು ಮಾತ್ರ ಇಳಿಯಲಿಲ್ಲ. ಅರ್ಥವಾದರೆ ಸಿಟ್ಟು ಹೋಗಬೇಕು ಎಂದು ಯಾರು ಹೇಳಿದ್ದು?

ನಿನ್ನ ಬಗ್ಗೆ ತಪ್ಪು ತಿಳಿದೆ, ಹರ್ಷಿಣಿ. ಸುಳ್ಳುಗಾತಿ ಎಂದು ಬರೆದೆ. ಅದು ನನ್ನ ತಪ್ಪು. ಆದರೆ ಒಂದು ಮಾತು ಬಿಡುವುದಿಲ್ಲ. ನೀನೂ ಒಮ್ಮೆ ಕೇಳಬಹುದಿತ್ತು. "ಅತ್ತೆ, ಡ್ರೈವಿಂಗ್ ಯಾಕೆ ಬಿಟ್ರಿ?" ಐದು ಪದ ಕೂಡ ಇಲ್ಲ.

ಅವನು ಟಿಕೆಟ್ಟು ತಂದಿದ್ದ, ಅವನ ಜೊತೆ ಹೋಗಲಿಲ್ಲ. ವಕೀಲರ ಯೋಚನೆಯನ್ನೂ ಬಿಟ್ಟೆ. ಇಲ್ಲಿ ನನಗೆ ಬಸ್ಸಿದೆ, ಜನರಿಲ್ಲ. ಲೂರ್ದೆಸ್ ಒಳ್ಳೆಯವಳು, ಆದರೆ ಮುರಿದ ಕೈ ನೋವಾದಾಗ ಅವಳ ಭಾಷೆಯಲ್ಲಿ ನರಳಲು ನನಗೆ ಬರುವುದಿಲ್ಲ. ಹದಿನೆಂಟಕ್ಕೆ ಬರುತ್ತೇನೆ. ಫುಲ್‌ಶೀರಿಗಲ್ಲ. ಹ್ಯೂಸ್ಟನ್ನಿನ ಒಳಗೆ, ಮ್ಯೂಸಿಯಂಗಳ ಹತ್ತಿರ, ಆಸ್ಪತ್ರೆಗಳಿಗೆ ಹೋಗುವ ಆ ಟ್ರೈನಿನ ದಾರಿಯಲ್ಲೇ ಒಂದು ಸಣ್ಣ ಅಪಾರ್ಟ್‌ಮೆಂಟ್ ನೋಡಿಕೊಂಡಿದ್ದೇನೆ. ಅಷ್ಟು ವರ್ಷ ಅದರ ಪಕ್ಕದಲ್ಲೇ ಕಾರು ಓಡಿಸಿದ್ದೆ, ಒಮ್ಮೆಯೂ ಹತ್ತಿರಲಿಲ್ಲ.

ಏರ್‌ಪೋರ್ಟಿಗೆ ಯಾರೂ ಬರಬೇಡಿ. ಅಲ್ಲಿಂದ ಡೌನ್‌ಟೌನಿಗೆ ಬಸ್ಸಿದೆ.

ನೀರಜಾ


ಫುಲ್‌ಶೀರ್
ಆಗಸ್ಟ್ 11, 2025

ಅತ್ತೆ,

ಈಗ ನೀವು ಇರುವುದು ಒಂದು ಗಂಟೆಯ ದಾರಿಯಲ್ಲಿ. ಆದರೂ ಬರೆಯುತ್ತಿದ್ದೇನೆ. ಶನಿವಾರ ಪ್ಲಾಟ್‌ಫಾರ್ಮಿನಲ್ಲಿ ನಿಮ್ಮ ಮೇಲೆ ಯಾಕೆ ಹಾಗೆ ರೇಗಿದೆ ಎಂದು ಹೇಳದೆ ಬಂದುಬಿಟ್ಟೆ. ದಿಯಾ ಇದ್ದಳು, ಜನ ಇದ್ದರು.

ಮೊದಲು ಇಲ್ಲಿಯ ಸುದ್ದಿ. ಅವಿನಾಶ್ ಈಗ ಬುಧವಾರ ಸಂಜೆಯೇ ಬರುತ್ತಾನೆ. ಗುರುವಾರ, ಶುಕ್ರವಾರ ದಿಯಾಳ ಓಡಾಟ ಅವನದು. ಮೊದಲ ವಾರವೇ ಅವಳನ್ನು ಈಜಿಗೆ ಕರೆದೊಯ್ಯುವ ಬದಲು ಡ್ಯಾನ್ಸ್ ಕ್ಲಾಸಿಗೆ ಕರೆದೊಯ್ದ. ಸ್ವಿಮ್ ಸೂಟ್ ಹಾಕಿಕೊಂಡು ನಟರಾಜನ ಮುಂದೆ ನಿಂತಿದ್ದಳಂತೆ. ನಾನೂ ಆ ಆ್ಯಪಿನಿಂದ ನನ್ನ ಸರ್ಕಲ್ ತೆಗೆದುಹಾಕಿದೆ. ಈಗ ನಾನು ಅಂಗಡಿಗೆ ಹೊರಟರೂ ಅವನು ಬಾಗಿಲವರೆಗೆ ಬಂದು ನಿಲ್ಲುತ್ತಾನೆ. ನಾವು ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಮಾತಾಡುವ ದಿನ ಬರಬಹುದು. ನಾನು ಅವಸರ ಮಾಡುತ್ತಿಲ್ಲ.

ನಾನು ಯಾಕೆ ಕೇಳಲಿಲ್ಲ ಎಂದು ನೀವು ಬರೆದಿದ್ದಿರಿ. ಓದಿ ಹರಿದು ಹಾಕಬೇಕು ಅನಿಸಿತು. ನೀವು ಕೇಳಿದಿರೇ? ಆದರೆ ಆ ಲೆಕ್ಕಕ್ಕೆ ಕೊನೆಯಿಲ್ಲ, ಬಿಡಿ.

ಶನಿವಾರ ಫ್ಯಾನಿನ್ ಸೌತ್ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿ ಬಂದಾಗ ನೀವು ಪ್ಲಾಟ್‌ಫಾರ್ಮಿನಲ್ಲಿ ನಮಗಾಗಿ ಕಾಯುತ್ತಿದ್ದಿರಿ. ಪ್ಲಾಸ್ಟರು ತೆಗೆದ ಕೈ ತೆಳ್ಳಗೆ, ಬಿಳಿಚಿಕೊಂಡಿತ್ತು. ಟ್ರೈನು ಬಂತು. ದಿಯಾ ನಿಮ್ಮ ಪಕ್ಕ ಕೂತು ಇಂಗ್ಲಿಷಿನಲ್ಲಿ ವಟಗುಟ್ಟುತ್ತಿದ್ದಳು, ನೀವು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದಿರಿ. ನಾನು ಕಿಟಕಿಯ ಹತ್ತಿರ ಕೂತೆ. ಎದುರಿಗೆ ಸ್ಟೀರಿಂಗ್ ಇರಲಿಲ್ಲ. ಕನ್ನಡಿ ನೋಡಬೇಕಿರಲಿಲ್ಲ, ಲೇನ್ ಬದಲಿಸಬೇಕಿರಲಿಲ್ಲ, ಮುಂದೆ ಯಾವ ಎಕ್ಸಿಟ್ ಎಂದು ಯೋಚಿಸಬೇಕಿರಲಿಲ್ಲ. ಕೈ ಎಲ್ಲಿ ಇಡಬೇಕೋ ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡೆ. ಆಸ್ಪತ್ರೆಗಳು ಒಂದೊಂದಾಗಿ ಹಿಂದಕ್ಕೆ ಹೋದದ್ದು ನೆನಪಿದೆ.

ಕಣ್ಣು ಬಿಟ್ಟಾಗ ನಾರ್ತ್‌ಲೈನ್. ಕೊನೆಯ ಸ್ಟೇಷನ್. ಬೋಗಿ ಖಾಲಿ. ದಿಯಾ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು, ನೀವು ನಿಮ್ಮ ಸೆರಗನ್ನು ನನ್ನ ಮುಖದ ಮೇಲೆ ಬಿಸಿಲು ಬೀಳದ ಹಾಗೆ ಹಿಡಿದಿದ್ದಿರಿ. ನಿಮ್ಮ ಮನೆಯ ಸ್ಟಾಪು ಯಾವಾಗಲೋ ಹೋಗಿತ್ತು. ನಾನು ಎದ್ದು ಪ್ಲಾಟ್‌ಫಾರ್ಮಿಗೆ ಇಳಿದು ಕೂಗಿಕೊಂಡೆ, "ಯಾಕೆ ಎಬ್ಬಿಸ್ಲಿಲ್ಲ ಅತ್ತೆ? ಅಡಿಗೆ ಮಾಡಿಟ್ಟಿದೀನಿ ಅಂದಿದ್ರಿ, ಎಷ್ಟು ಹೊತ್ತಾಯ್ತು!" ನೀವು ಎದುರಿನ ಟ್ರೈನು ತೋರಿಸಿ, ಅದು ವಾಪಸು ಹೋಗುತ್ತದೆ ಅಂದಿರಿ, ಅಷ್ಟೇ.

ನನಗೆ ಸಿಟ್ಟು ಬಂದದ್ದು ನಿಮ್ಮ ಮೇಲಲ್ಲ. ಯಾರೋ ಕಾಯುತ್ತಾರೆ ಎಂಬ ನಂಬಿಕೆಯಲ್ಲಿ ನಾನು ಹಗಲು ಹೊತ್ತಿನಲ್ಲಿ ನಿದ್ದೆ ಮಾಡಿ ಎಷ್ಟು ಕಾಲವಾಗಿತ್ತು ಎಂದು ಆ ಪ್ಲಾಟ್‌ಫಾರ್ಮಿನಲ್ಲಿ ಗೊತ್ತಾಯಿತು. ಇಷ್ಟು ವರ್ಷ ಅದು ಇಲ್ಲದೆ ಹೇಗೆ ಇದ್ದೆ ಎಂದು ಗೊತ್ತಾಯಿತು. ಅದಕ್ಕೆ ಸಿಟ್ಟು. ಈಗಲೂ ಇದೆ.

ಮುಂದಿನ ಶನಿವಾರ ಅದೇ ಹೊತ್ತಿಗೆ ಬರುತ್ತೇವೆ. ಎಬ್ಬಿಸಬೇಡಿ.

ಹರ್ಷಿಣಿ